ಕಾವೇರದ ಎಂಜಿನ್: ಹಳೆಯ ವಾಹನ ತಣ್ಣಗೇ ಓಡುತ್ತಿದ್ದರೆ ದೋಷ ಹುಡುಕುವ ಬಗೆ

ಎಂಜಿನ್ ಕುದಿಯತೊಡಗಿದರೆ ಯಾರೂ ಸುಮ್ಮನಿರುವುದಿಲ್ಲ. ಬಾನೆಟ್ ಸಂದಿಯಿಂದ ಹಬೆ ಎದ್ದ ಕೂಡಲೇ ವಾಹನ ರಸ್ತೆಯ ಬದಿಗೆ ಬರುತ್ತದೆ. ಆದರೆ ಅರ್ಧ ಗಂಟೆ ಓಡಿಸಿದ ಮೇಲೂ ಉಷ್ಣತೆಯ ಗೇಜಿನ ಮುಳ್ಳು ತಳದ ಗೆರೆಯನ್ನು ಬಿಟ್ಟು ಏಳದಿದ್ದಾಗ ಅದನ್ನು ದೋಷವೆಂದು ಎಣಿಸುವವರು ಕಡಿಮೆ. ಎಂಜಿನ್ ತಂಪಾಗಿದೆ, ಆದ್ದರಿಂದ ಕ್ಷೇಮವಾಗಿದೆ ಎಂದು ಸಮಾಧಾನ ಪಟ್ಟುಕೊಂಡು ವರ್ಷಗಟ್ಟಲೆ ಹಾಗೆಯೇ ಓಡಿಸುವವರನ್ನು ನಾನು ಕಂಡಿದ್ದೇನೆ, ಅಂಥ ಎಂಜಿನ್‌ಗಳನ್ನು ಬಿಚ್ಚಿದಾಗ ಸಿಲಿಂಡರ್ ಬೋರಿನ ಸ್ಥಿತಿಯನ್ನೂ ಕಂಡಿದ್ದೇನೆ. ಹಳೆಯ ನೀರು ತಂಪಿನ ಎಂಜಿನ್‌ಗಳಲ್ಲಿ ಹೆಚ್ಚಿನವು ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲಸ ಮಾಡಲೆಂದೇ ರೂಪುಗೊಂಡವು. 50 ಅಥವಾ 60ರಲ್ಲೇ ನಿಂತುಬಿಟ್ಟ ಎಂಜಿನ್ ಸದ್ದಿಲ್ಲದೆ ಸವೆಯುತ್ತಿರುತ್ತದೆ.

ಸವೆತಕ್ಕೆ ಕಾರಣ ಸರಳವಾಗಿದೆ. ತಣ್ಣನೆಯ ಸಿಲಿಂಡರಿನೊಳಗೆ ಪೆಟ್ರೋಲ್ ಪೂರ್ತಿಯಾಗಿ ಆವಿಯಾಗುವುದಿಲ್ಲ. ಉಳಿದ ಹನಿಗಳು ಗೋಡೆಗೆ ಅಂಟಿ, ಅಲ್ಲಿರುವ ಆಯಿಲ್ ಪೊರೆಯನ್ನು ತೊಳೆದುಕೊಂಡು ಪಿಸ್ಟನ್ ರಿಂಗುಗಳ ಬದಿಯಿಂದ ಕೆಳಗಿಳಿದು ಸಂಪಿನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಆಯಿಲನ್ನು ತೆಳುವಾಗಿಸುತ್ತವೆ. ಇದರ ಜೊತೆಗೆ ನೀರಿನ ಕಾಟವೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರ ಬಹುಪಾಲು ಸೈಲೆನ್ಸರ್ ಮೂಲಕ ಹೊರಹೋದರೂ ಸ್ವಲ್ಪ ಭಾಗ ರಿಂಗುಗಳನ್ನು ದಾಟಿ ಎಂಜಿನ್ನಿನ ಕೆಳಗಿನ ಗೂಡಾದ ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ. ಎಂಜಿನ್ ಸರಿಯಾಗಿ ಕಾದಿದ್ದರೆ ಅದು ಬ್ರೀದರ್ ಎಂಬ ಗಾಳಿಕೊಳವೆಯ ಮೂಲಕ ಹಾರಿಹೋಗುತ್ತದೆ. ಕಾಯದಿದ್ದರೆ ಒಳಗೇ ಹನಿಗಟ್ಟಿ, ಆಯಿಲಿನೊಂದಿಗೆ ಕಲಸಿಕೊಂಡು ತಿಳಿ ಹಳದಿ ಬಣ್ಣದ ಬೆಣ್ಣೆಯಂಥ ಪದಾರ್ಥವಾಗುತ್ತದೆ, ಇಂಧನದಲ್ಲಿರುವ ಗಂಧಕದ ಅಂಶದೊಂದಿಗೆ ಸೇರಿ ಆಮ್ಲವೂ ಆಗುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಮೈಯಲ್ಲಿ ಈ ಬೆಣ್ಣೆ ಕಂಡುಬಂದರೆ ಎಂಜಿನ್ ತಣ್ಣಗೆ ಓಡುತ್ತಿರುವ ಶಂಕೆ ಬಲವಾಗುತ್ತದೆ. ಆದರೆ ಅದೇ ಬೆಣ್ಣೆ ಡಿಪ್‌ಸ್ಟಿಕ್ಕಿನ ಮೇಲೂ ದಪ್ಪವಾಗಿ ಕಾಣಿಸಿ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ (ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಸೋರಿಕೆ ಇರಬಹುದು; ಆ ದಾರಿಯೇ ಬೇರೆ.

ಇತರ ಲಕ್ಷಣಗಳೂ ಇವೆ: ಮೈಲೇಜ್ ಇಳಿಯುವುದು, ಚೋಕ್ (ತಣ್ಣನೆಯ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸುವ ಕವಾಟ) ತೆಗೆದ ಕೂಡಲೇ ಎಂಜಿನ್ ತಡವರಿಸುವುದು, ಹೀಟರಿನಿಂದ ಉಗುರುಬೆಚ್ಚಗಿನ ಗಾಳಿಯಷ್ಟೇ ಬರುವುದು. ಕೂಲೆಂಟಿನ (ಎಂಜಿನ್ ತಂಪಾಗಿಸುವ ನೀರು) ಶಾಖದಿಂದಲೇ ತೆರೆದುಕೊಳ್ಳುವ ಸ್ವಯಂಚಾಲಿತ ಚೋಕ್ ಇರುವ ಕಾರ್ಬ್ಯುರೇಟರ್ ಆದರೆ ಆ ಚೋಕ್ ಪೂರ್ತಿ ಬಿಡುವುದೇ ಇಲ್ಲ, ಹೊಗೆ ಕಪ್ಪಾಗಿ ಬರುತ್ತಿರುತ್ತದೆ.

ಎಲ್ಲಕ್ಕಿಂತ ಮೊದಲು: ನೀರಿನ ಮಟ್ಟ

ಯಾವ ಭಾಗವನ್ನೂ ಮುಟ್ಟುವ ಮುನ್ನ, ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಕೂಲೆಂಟ್ ಎಲ್ಲಿಯವರೆಗೆ ಇದೆಯೆಂದು ನೋಡಬೇಕು. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಉಷ್ಣತೆಯನ್ನು ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಇಳಿದು ಸೆನ್ಸರಿನ ತುದಿ ಗಾಳಿಯಲ್ಲಿ ಉಳಿದರೆ, ಎಂಜಿನ್ ಒಳಗೆ ಮಿತಿಮೀರಿ ಕಾಯುತ್ತಿದ್ದರೂ ಮುಳ್ಳು ತಳದಲ್ಲೇ ಇರುತ್ತದೆ. ತಣ್ಣಗಿದೆಯೆಂದು ನಂಬಿ ಓಡಿಸಿದ ಎಂಜಿನ್ ಹೆಡ್ ಬಾಗಿ ನಿಲ್ಲುವುದು ಹೀಗೆಯೇ. ಮಟ್ಟ ಕಡಿಮೆಯಿದ್ದರೆ ಭರ್ತಿ ಮಾಡಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಟ್ಟು, ಸೋರಿಕೆ ಎಲ್ಲಿದೆಯೆಂದು ಹುಡುಕಿದ ಮೇಲಷ್ಟೇ ಮುಂದಿನ ಹೆಜ್ಜೆ.

ಮುಳ್ಳು ನಿಜ ಹೇಳುತ್ತಿದೆಯೇ

ಹಳೆಯ ವಾಹನದಲ್ಲಿ ಎಂಜಿನ್ ತಣ್ಣಗಿರುವುದಕ್ಕೂ ಗೇಜ್ ತಣ್ಣಗಿದೆಯೆಂದು ತೋರಿಸುವುದಕ್ಕೂ ವ್ಯತ್ಯಾಸವಿದೆ, ಮತ್ತು ಈ ಎರಡನ್ನು ಬೇರ್ಪಡಿಸದೆ ಭಾಗಗಳನ್ನು ಬದಲಿಸುತ್ತ ಹೋಗುವುದು ಹಣ ಮತ್ತು ಹೊತ್ತು ಎರಡನ್ನೂ ತಿನ್ನುತ್ತದೆ. ಹೀಟರ್ ಇದ್ದರೆ ಅದರಿಂದಲೇ ಆರಂಭಿಸುವುದು ಒಳ್ಳೆಯದು. ಇಪ್ಪತ್ತು ನಿಮಿಷ ಓಡಿಸಿದ ನಂತರ ಹೀಟರಿಗೆ ಹೋಗುವ ಎರಡು ಹೋಸ್‌ಗಳನ್ನು ಮುಟ್ಟಿ ನೋಡಬೇಕು. ಎರಡೂ ಉಗುರುಬೆಚ್ಚಗಿದ್ದರೆ ಎಂಜಿನ್ ನಿಜಕ್ಕೂ ತಣ್ಣಗಿದೆ. ಒಂದು ಕೈ ಸುಡುವಷ್ಟು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಹೀಟರಿನ ಒಳಗೆ ಕಸ ಕಟ್ಟಿಕೊಂಡಿದೆ ಅಥವಾ ಅದರ ವಾಲ್ವ್ ತೆರೆಯುತ್ತಿಲ್ಲ, ಎಂಜಿನ್ನಿನ ತಪ್ಪಲ್ಲ. ಎರಡೂ ಚೆನ್ನಾಗಿ ಬಿಸಿಯಾಗಿದ್ದು ಮುಳ್ಳು ಮಾತ್ರ ಕೆಳಗಿದ್ದರೆ ಗೇಜ್, ಸೆನ್ಸರ್ ಅಥವಾ ವೈರಿಂಗಿನ ಕಡೆಗೆ ತಿರುಗಬೇಕು.

ಸೆನ್ಸರ್ ವೈರಿನ ಪರೀಕ್ಷೆ ಒಂದು ನಿಮಿಷದ ಕೆಲಸ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದೇ ವೈರಿನ ಸೆನ್ಸರಿನಲ್ಲಿ ಬಿಸಿ ಏರಿದಂತೆ ವಿದ್ಯುತ್ ರೋಧ ಇಳಿಯುತ್ತದೆ. ಇಗ್ನಿಷನ್ ಆನ್ ಮಾಡಿ, ವೈರನ್ನು ಸೆನ್ಸರಿನಿಂದ ಬಿಡಿಸಿದರೆ ಮುಳ್ಳು ಪೂರ್ತಿ ತಣ್ಣನೆಯ ಕಡೆಗೆ ಬೀಳಬೇಕು. ಆ ವೈರಿನ ತುದಿಯನ್ನು ಎಂಜಿನ್ನಿನ ಶುದ್ಧ ಲೋಹಕ್ಕೆ ಕೆಲವೇ ಸೆಕೆಂಡು ತಾಗಿಸಿದರೆ ಬಿಸಿಯ ಕಡೆಗೆ ಏರಬೇಕು. ಹಳೆಯ ದ್ವಿಲೋಹ ಪಟ್ಟಿಯ ಗೇಜುಗಳಲ್ಲಿ ಮುಳ್ಳು ನಿಧಾನವಾಗಿ ಚಲಿಸುತ್ತದೆ. ಅದು ಹೊರಟಿದ್ದು ಕಂಡ ಕೂಡಲೇ ವೈರನ್ನು ತೆಗೆಯಬೇಕು, ಇಲ್ಲದಿದ್ದರೆ ಗೇಜ್ ಸುಟ್ಟುಹೋಗಬಹುದು. ಮುಳ್ಳು ಹೀಗೆ ಏರಿದರೆ ಗೇಜ್ ಮತ್ತು ವೈರ್ ಸರಿಯಾಗಿವೆ. ಸೆನ್ಸರನ್ನು, ಅದರ ಅರ್ತಿಂಗನ್ನು ಶಂಕಿಸಬೇಕು. ಸೋರದಿರಲೆಂದು ಸೆನ್ಸರಿನ ತಿರುಪಿನ ಎಳೆಗಳಿಗೆ ಬಿಳಿ ಟೇಪನ್ನು ಧಾರಾಳವಾಗಿ ಸುತ್ತಿದವರಿದ್ದಾರೆ. ಆ ಟೇಪು ಅರ್ತಿಂಗನ್ನು ಕೆಡಿಸಿ ಮುಳ್ಳನ್ನು ಕೆಳಗೆ ಇಳಿಸಬಲ್ಲದು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೂ ಫಲ ಅದೇ.

ಇನ್ನೊಂದು ಸುಳಿವು ಪೆಟ್ರೋಲ್ ಗೇಜಿನಲ್ಲಿ ಸಿಗುತ್ತದೆ. ಅನೇಕ ಹಳೆಯ ವಾಹನಗಳಲ್ಲಿ ಎರಡೂ ಗೇಜುಗಳಿಗೆ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಸುಮಾರು 10 ವೋಲ್ಟ್ ಸರಾಸರಿ ವಿದ್ಯುತ್ತನ್ನು ಕೊಡುತ್ತದೆ. ಟ್ಯಾಂಕ್ ತುಂಬಿಸಿದರೂ ಪೆಟ್ರೋಲ್ ಮುಳ್ಳು ಮುಕ್ಕಾಲಿಗೇ ನಿಲ್ಲುತ್ತಿದ್ದು, ಅದೇ ಕಾಲಕ್ಕೆ ಉಷ್ಣತೆಯ ಮುಳ್ಳೂ ಇಳಿದಿದ್ದರೆ ಎಂಜಿನ್ನಿನ ಬಳಿಗೆ ಹೋಗುವ ಅಗತ್ಯವೇ ಇಲ್ಲ. ಇನ್ನೂ ಹಳೆಯ ವಾಹನಗಳಲ್ಲಿ ವೈರೇ ಇರುವುದಿಲ್ಲ. ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನವರೆಗೆ ಕೂದಲೆಳೆಯಷ್ಟು ಸಣ್ಣ ರಂಧ್ರದ ತಾಮ್ರದ ನಳಿಕೆ ಬಂದಿರುತ್ತದೆ, ಅದರೊಳಗಿನ ದ್ರವದ ಒತ್ತಡವೇ ಮುಳ್ಳನ್ನು ತಿರುಗಿಸುತ್ತದೆ. ಆ ನಳಿಕೆ ಎಲ್ಲಾದರೂ ಮುರಿದು ದ್ರವ ಸೋರಿಹೋಗಿದ್ದರೆ ಮುಳ್ಳು ಮತ್ತೆ ಏಳುವುದಿಲ್ಲ.

ಸಂದೇಹ ಉಳಿದರೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, ಕಾದ ಮೇಲೆ ತಾನಾಗಿ ತೆರೆಯುವ ವಾಲ್ವ್) ಕುಳಿತಿರುವ ಹೌಸಿಂಗನ್ನು ಅಳೆಯಬಹುದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಬಹಳ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಒಂದು ತುಂಡು ಕಪ್ಪು ಟೇಪು ಅಂಟಿಸಿ ಅಥವಾ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಹತ್ತಿರದಿಂದ ಅಳೆದರೆ ನಂಬಬಹುದಾದ ಸಂಖ್ಯೆ ಸಿಗುತ್ತದೆ.

ಮೇಲಿನ ಹೋಸ್ ಹೇಳುವುದೇನು

ಎಂಜಿನ್ ನಿಜಕ್ಕೂ ತಣ್ಣಗಿದೆಯೆಂದು ಖಚಿತವಾದ ಮೇಲೆ, ಮರುದಿನ ಬೆಳಗ್ಗೆ ಎಂಜಿನ್ ಪೂರ್ತಿ ಆರಿರುವಾಗ ಮತ್ತೆ ಆರಂಭಿಸಬೇಕು. ಸ್ಟಾರ್ಟ್ ಮಾಡಿ, ಫ್ಯಾನು ಮತ್ತು ಬೆಲ್ಟಿನಿಂದ ಕೈ ದೂರವಿಟ್ಟುಕೊಂಡು, ಎಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ಹೋಸನ್ನು ಆಗಾಗ ಮುಟ್ಟುತ್ತಿರಬೇಕು. ಥರ್ಮೋಸ್ಟಾಟ್ ಸರಿಯಾಗಿದ್ದರೆ ಈ ಹೋಸ್ ಹಲವು ನಿಮಿಷ ತಣ್ಣಗೇ ಇರುತ್ತದೆ, ಆಮೇಲೆ ಒಮ್ಮೆಲೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಮೊದಲ ನಿಮಿಷದಿಂದಲೇ ಹೋಸ್ ನಿಧಾನವಾಗಿ ಬೆಚ್ಚಗಾಗುತ್ತ, ರೇಡಿಯೇಟರಿನ ಮೇಲಿನ ಟ್ಯಾಂಕೂ ಅದರೊಂದಿಗೇ ಬೆಚ್ಚಗಾಗುತ್ತ ಹೋದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಇಲ್ಲವೇ ಒಳಗೆ ಥರ್ಮೋಸ್ಟಾಟೇ ಇಲ್ಲ. ಯಾವುದೋ ಕಾಲದಲ್ಲಿ ಎಂಜಿನ್ ಕುದಿದಾಗ ಅದನ್ನು ಕಿತ್ತು ಬಿಸಾಡಿ, ಮತ್ತೆ ಹಾಕದೆ ಮುಚ್ಚಿದ ಉದಾಹರಣೆಗಳು ಹಳೆಯ ವಾಹನಗಳಲ್ಲಿ ಬೇಕಾದಷ್ಟಿವೆ.

ರಸ್ತೆಯ ಮೇಲಿನ ನಡವಳಿಕೆಯೂ ಬಹಳ ಹೇಳುತ್ತದೆ. ನಿಂತಲ್ಲಿ ಮತ್ತು ದಟ್ಟಣೆಯಲ್ಲಿ ಮುಳ್ಳು ಸರಿಯಾದ ಜಾಗಕ್ಕೆ ಏರಿ, ತೆರೆದ ರಸ್ತೆಯಲ್ಲಿ ವೇಗ ಹಿಡಿದಾಗ ಅಥವಾ ಇಳಿಜಾರಿನಲ್ಲಿ ಕೆಳಗಿಳಿದರೆ ಥರ್ಮೋಸ್ಟಾಟ್ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲವೆಂದೇ ಅರ್ಥ. ಗೇಜಿನ ದೋಷ ಹೀಗೆ ರಸ್ತೆಯನ್ನು ಅನುಸರಿಸುವುದಿಲ್ಲ. ವೈರಿಂಗ್ ಸಡಿಲವಾಗಿದ್ದರೆ ಮುಳ್ಳು ಗುಂಡಿ ಹಾರಿದಾಗ ಕುಣಿಯುತ್ತದೆ. ಇನ್ನೂ ದೃಢಪಡಿಸಿಕೊಳ್ಳಬೇಕಾದರೆ ರೇಡಿಯೇಟರಿನ ಅರ್ಧ ಭಾಗಕ್ಕೆ ರಟ್ಟು ಅಡ್ಡವಿಟ್ಟು, ಮುಳ್ಳಿನ ಮೇಲೆ ಕಣ್ಣಿಟ್ಟು ಸ್ವಲ್ಪ ದೂರ ಓಡಿಸಿ ನೋಡಬಹುದು. ಥರ್ಮೋಸ್ಟಾಟ್ ಹಿಡಿತದಲ್ಲಿರುವ ಎಂಜಿನ್ನಿನ ಉಷ್ಣತೆ ತಂಪು ಹವೆಯಲ್ಲಿ ರಟ್ಟಿನಿಂದ ಹೆಚ್ಚೇನೂ ಬದಲಾಗುವುದಿಲ್ಲ, ಏಕೆಂದರೆ ಥರ್ಮೋಸ್ಟಾಟೇ ಹರಿವನ್ನು ಹೊಂದಿಸಿಕೊಳ್ಳುತ್ತದೆ. ರಟ್ಟು ಇಟ್ಟೊಡನೆ ಮುಳ್ಳು ಏರಿ, ತೆಗೆದೊಡನೆ ಇಳಿದರೆ ಹರಿವಿಗೆ ಯಾವ ಹಿಡಿತವೂ ಇಲ್ಲವೆಂದು ಸಾಬೀತಾಗುತ್ತದೆ. ರಟ್ಟನ್ನು ಪರೀಕ್ಷೆ ಮುಗಿದ ಕೂಡಲೇ ತೆಗೆಯಬೇಕು. ಅದನ್ನೇ ಪರಿಹಾರವೆಂದು ಬಿಟ್ಟವರು ಏರುಹಾದಿಯಲ್ಲಿ ಎಂಜಿನ್ ಕುದಿಸಿಕೊಂಡಿದ್ದಾರೆ.

ಥರ್ಮೋಸ್ಟಾಟನ್ನು ಹೊರತೆಗೆದು ನೋಡುವುದು

ಎಂಜಿನ್ ಆರಿದ ಮೇಲೆ, ಹೌಸಿಂಗಿಗಿಂತ ಕೆಳಗಿನ ಮಟ್ಟಕ್ಕೆ ಬರುವಷ್ಟು ಕೂಲೆಂಟನ್ನು ಶುದ್ಧ ಪಾತ್ರೆಗೆ ಇಳಿಸಿಕೊಳ್ಳಬೇಕು. ಅದು ಸಿಹಿ ರುಚಿಯ ವಿಷವಾದ್ದರಿಂದ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಮುಚ್ಚಿಡಬೇಕು. ಹೌಸಿಂಗಿನ ಬೋಲ್ಟುಗಳು ಹಲವು ವರ್ಷ ಅಲ್ಯೂಮಿನಿಯಂನೊಳಗೆ ತುಕ್ಕು ಹಿಡಿದು ಕುಳಿತಿರುತ್ತವೆ. ಬಲ ಹಾಕಿ ಒಂದೇ ಸಲಕ್ಕೆ ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಗ್ಗೆ ಬೋಲ್ಟಿನ ತಲೆಯ ಮೇಲೆ ಹದವಾಗಿ ಕುಟ್ಟಿ, ಸ್ವಲ್ಪ ಬಿಗಿ ಮಾಡಿ ಆಮೇಲೆ ಸಡಿಲಿಸುತ್ತ, ಹಿಂದೆಮುಂದೆ ಆಡಿಸುತ್ತ ತೆಗೆದರೆ ಹೆಚ್ಚಿನವು ಬಿಟ್ಟುಕೊಡುತ್ತವೆ.

ಹೊರಬಂದ ಥರ್ಮೋಸ್ಟಾಟನ್ನು ಬೆಳಕಿಗೆ ಹಿಡಿದು ನೋಡಬೇಕು. ತಣ್ಣಗಿರುವಾಗ ವಾಲ್ವಿನ ಅಂಚಿನ ಸುತ್ತ ಬೆಳಕಿನ ಎಳೆಯೂ ಕಾಣಬಾರದು. ನನ್ನದೇ ಒಂದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ನಾನು ಮೊದಲು ಸೆನ್ಸರ್ ಬದಲಿಸಿದೆ, ಆಮೇಲೆ ಗೇಜ್ ಬದಲಿಸಿದೆ. ಎರಡೂ ವ್ಯರ್ಥವಾದ ಮೇಲೆ ಹೌಸಿಂಗ್ ಬಿಚ್ಚಿದೆ. ಥರ್ಮೋಸ್ಟಾಟನ್ನು ಕಿಟಕಿಗೆ ಹಿಡಿದಾಗ ಅಂಚಿನ ಒಂದು ಬದಿಯಲ್ಲಿ ಎಳೆಚಂದ್ರನಂತೆ ಸಣ್ಣ ಬೆಳಕಿನ ಗೆರೆ ಕಂಡಿತು. ಹಿಂದೆ ಯಾರೋ ಕೆರೆದು ತೆಗೆದ ಹಳೆಯ ಗ್ಯಾಸ್ಕೆಟ್ಟಿನ ಚೂರೊಂದು, ಉಗುರಿನ ತುದಿಯಷ್ಟು, ನೀರಿನೊಂದಿಗೆ ಸುತ್ತಿ ಬಂದು ವಾಲ್ವಿಗೂ ಅದರ ಪೀಠಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಅಷ್ಟು ಸಣ್ಣ ಸಂದಿಯಿಂದ ಸೋರಿದ ನೀರೇ ವೇಗದಲ್ಲಿ ಹೋಗುವಾಗ ಎಂಜಿನ್ನನ್ನು ತಣ್ಣಗಾಗಿಸುತ್ತಿತ್ತು.

ಸಂದಿ ಕಾಣದಿದ್ದರೆ ನೀರಿನ ಪರೀಕ್ಷೆ ಮಾಡಬೇಕು. ವಾಲ್ವನ್ನು ಮೆಲ್ಲಗೆ ತೆರೆದು ಅದರ ಅಂಚಿಗೆ ದಾರವೊಂದನ್ನು ಸಿಕ್ಕಿಸಿ, ಆ ದಾರದಿಂದಲೇ ಥರ್ಮೋಸ್ಟಾಟನ್ನು ಪಾತ್ರೆಯ ತಳ ಮುಟ್ಟದಂತೆ ನೀರಿನಲ್ಲಿ ತೂಗುಬಿಡಬೇಕು. ಪಕ್ಕದಲ್ಲಿ ಥರ್ಮಾಮೀಟರೂ ಹಾಗೆಯೇ ತೂಗುತ್ತಿರಲಿ. ಉರಿ ಸಣ್ಣಗಿಟ್ಟು, ನೀರನ್ನು ಕಲಕುತ್ತ ಕಾಯಿಸಿದರೆ, ವಾಲ್ವ್ ತೆರೆಯತೊಡಗಿದ ಕ್ಷಣದಲ್ಲಿ ದಾರ ಬಿಟ್ಟುಕೊಂಡು ಥರ್ಮೋಸ್ಟಾಟ್ ಕೆಳಗೆ ಬೀಳುತ್ತದೆ. ಆಗಿನ ಉಷ್ಣತೆಯನ್ನು ಅದರ ಮೇಲೆ ಅಚ್ಚೊತ್ತಿದ ಸಂಖ್ಯೆಯೊಂದಿಗೆ ಹೋಲಿಸಬೇಕು. ಎರಡು ಮೂರು ಡಿಗ್ರಿಗಳ ಅಂತರ ದೋಷವಲ್ಲ. 82 ಎಂದು ಬರೆದದ್ದು 70ರಲ್ಲೇ ತೆರೆದರೆ ದೋಷ. ಅಚ್ಚಿನ ಸಂಖ್ಯೆ ತೆರೆಯಲು ಆರಂಭಿಸುವ ಉಷ್ಣತೆಯೇ ಹೊರತು ಪೂರ್ತಿ ತೆರೆಯುವ ಉಷ್ಣತೆಯಲ್ಲ, ಅದಕ್ಕೆ ಇನ್ನೂ 10ರಿಂದ 15 ಡಿಗ್ರಿ ಬೇಕು. ಆದ್ದರಿಂದ 92ರ ಥರ್ಮೋಸ್ಟಾಟ್ ತೆರೆದ ಪಾತ್ರೆಯ ಕುದಿನೀರಿನಲ್ಲಿ ಅರ್ಧವೇ ತೆರೆದರೆ ಅದನ್ನು ಕೆಟ್ಟದ್ದೆಂದು ಎಸೆಯಬಾರದು. ಸಮುದ್ರಮಟ್ಟಕ್ಕಿಂತ 1000 ಮೀಟರ್ ಎತ್ತರದ ಊರುಗಳಲ್ಲಂತೂ ನೀರು 97 ಡಿಗ್ರಿಗಿಂತ ಮೊದಲೇ ಕುದಿಯುತ್ತದೆ. ಕೊನೆಗೆ, ನೀರು ಆರುವಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಎಂದು ತಪ್ಪದೆ ನೋಡಬೇಕು. ನಮ್ಮ ದೋಷ ಅಡಗಿರುವುದು ಬಹುತೇಕ ಈ ಮರಳುವಿಕೆಯಲ್ಲಿ.

ಮೇಣದ ಥರ್ಮೋಸ್ಟಾಟಿನೊಳಗೆ ಬಿಸಿಯಾದಾಗ ಹಿಗ್ಗುವ ಮೇಣದ ಗುಳಿಗೆಯಿದ್ದು, ಅದು ಸ್ಪ್ರಿಂಗಿನ ವಿರುದ್ಧ ವಾಲ್ವನ್ನು ತಳ್ಳುತ್ತದೆ. ಮೇಣ ಸೋರಿಹೋದರೆ ಸ್ಪ್ರಿಂಗ್ ವಾಲ್ವನ್ನು ಮುಚ್ಚಿಬಿಡುತ್ತದೆ, ಎಂಜಿನ್ ಕುದಿಯುತ್ತದೆ. ಅದು ತೆರೆದು ನಿಲ್ಲಬೇಕಾದರೆ ತುಕ್ಕು, ಕಸ ಅಥವಾ ದಣಿದ ಸ್ಪ್ರಿಂಗ್ ಕಾರಣವಾಗಿರಬೇಕು. ಅದಕ್ಕೂ ಹಿಂದಿನ ಹಿತ್ತಾಳೆಯ ತಿದಿಯಂಥ ಥರ್ಮೋಸ್ಟಾಟುಗಳ ರೀತಿ ಬೇರೆ: ಮಡಿಕೆ ಮಡಿಕೆಯ ಆ ತಿದಿ ಎಲ್ಲಾದರೂ ಬಿರುಕು ಬಿಟ್ಟು ಒಳಗಿನ ದ್ರವ ಹೋದರೆ, ತನ್ನ ಸ್ವಾಭಾವಿಕ ಸೆಟೆತದಿಂದ ತೆರೆದುಕೊಂಡೇ ಉಳಿಯುತ್ತದೆ. ಅಂಥದ್ದನ್ನು ರಿಪೇರಿ ಮಾಡಲು ಹೋಗದೆ, ಅಳತೆ ಹೊಂದುವ ಮೇಣದ ಥರ್ಮೋಸ್ಟಾಟ್ ಹಾಕುವುದೇ ಸರಿ.

ಎಷ್ಟು ಡಿಗ್ರಿಯದು ಬೇಕು

ಹಳೆಯ ಎಂಜಿನ್ನಿನಲ್ಲಿ 71 ಡಿಗ್ರಿಯ ಥರ್ಮೋಸ್ಟಾಟ್ ಸಿಕ್ಕಿದರೆ ಬೆರಗಾಗಬೇಕಿಲ್ಲ. ಒಂದು ಕಾಲದಲ್ಲಿ ನೀರು ಹೆಪ್ಪುಗಟ್ಟದಿರಲು ರೇಡಿಯೇಟರಿಗೆ ಆಲ್ಕೊಹಾಲ್ ಬೆರೆಸುತ್ತಿದ್ದರು. ಮೆಥನಾಲ್ 65 ಡಿಗ್ರಿಗೆ, ಎಥನಾಲ್ 78 ಡಿಗ್ರಿಗೆ ಕುದಿಯುವುದರಿಂದ ಎಂಜಿನ್ನನ್ನು ಹೆಚ್ಚು ಕಾಯಿಸಿದರೆ ಅದು ಆವಿಯಾಗಿ ಹೋಗುತ್ತಿತ್ತು. ಇಂದು ಬಳಸುವ ಎಥಿಲೀನ್ ಗ್ಲೈಕಾಲ್ 197 ಡಿಗ್ರಿಯವರೆಗೆ ಕುದಿಯುವುದಿಲ್ಲ. ಹಾಗಾಗಿ ಆ ಕಟ್ಟುಪಾಡು ಈಗಿಲ್ಲ. ತಯಾರಕರ ಕೈಪಿಡಿ ಹೇಳಿದ ಸಂಖ್ಯೆಯನ್ನೇ ಹಾಕಬೇಕು. ಚಳಿಗೂ ಬೇಸಿಗೆಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದರೆ ಹವೆಗೆ ತಕ್ಕದ್ದನ್ನು ಆರಿಸಬಹುದು.

ಬೇಸಿಗೆಯಲ್ಲಿ ಕುದಿಯದಿರಲೆಂದು ಕಡಿಮೆ ಡಿಗ್ರಿಯದನ್ನು ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಥರ್ಮೋಸ್ಟಾಟ್ ನಿರ್ಧರಿಸುವುದು ಉಷ್ಣತೆಯ ಕೆಳಮಿತಿಯನ್ನು. ಮೇಲ್ಮಿತಿಯನ್ನು ರೇಡಿಯೇಟರ್, ಪಂಪ್ ಮತ್ತು ಫ್ಯಾನು ನಿರ್ಧರಿಸುತ್ತವೆ. ಕಟ್ಟಿಕೊಂಡ ರೇಡಿಯೇಟರ್ ಇರುವ ಎಂಜಿನ್ 71ರ ಥರ್ಮೋಸ್ಟಾಟ್ ಹಾಕಿದರೂ ಏರಿನಲ್ಲಿ ಕುದಿಯುತ್ತದೆ, ಸಮತಟ್ಟಿನಲ್ಲಿ ಮಾತ್ರ ತಣ್ಣಗೆ ಓಡುತ್ತದೆ. ಎರಡೂ ಕೇಡು ಒಟ್ಟಿಗೆ ಬರುತ್ತವೆ. ಥರ್ಮೋಸ್ಟಾಟನ್ನೇ ತೆಗೆದುಹಾಕುವುದು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಕೆಳಗಿನ ತಟ್ಟೆ ಬಿಸಿಯಾದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಸದಾ ಎಂಜಿನ್ನಿಗೇ ಮರಳುತ್ತಿರುತ್ತದೆ.

ಥರ್ಮೋಸ್ಟಾಟ್ ಸರಿಯಿದ್ದರೆ

ಹೌಸಿಂಗಿನ ಪೀಠ ತುಕ್ಕಿನಿಂದ ಗುಳಿಬಿದ್ದು ಥರ್ಮೋಸ್ಟಾಟಿನ ಹೊರ ಅಂಚಿನ ಸುತ್ತ ನೀರು ಸೋರುತ್ತಿರಬಹುದು, ಅಂಚಿನ ರಬ್ಬರ್ ಸೀಲ್ ಹಾಕದೆ ಬಿಟ್ಟಿರಬಹುದು, ಗಾಳಿ ಹೋಗಲೆಂದು ಹಿಂದಿನವರು ತಟ್ಟೆಯಲ್ಲಿ ಹಲವು ರಂಧ್ರ ಕೊರೆದಿರಬಹುದು. ಫ್ಯಾನನ್ನು ದೂರುವ ಮೊದಲು ಇವನ್ನು ನೋಡಬೇಕು. ಸರಿಯಾಗಿ ಮುಚ್ಚಿಕೊಳ್ಳುವ ಥರ್ಮೋಸ್ಟಾಟ್ ಇರುವಾಗ ಫ್ಯಾನು ಒಂದೇ ಎಂಜಿನ್ನನ್ನು ಅಷ್ಟು ತಣ್ಣಗಾಗಿಸುವುದು ವಿರಳ, ಆದರೆ ಸಣ್ಣ ಸೋರಿಕೆಯನ್ನು ಅದು ದೊಡ್ಡದಾಗಿಸುತ್ತದೆ. ಇಗ್ನಿಷನ್ ಹಾಕಿದಾಗಿನಿಂದ ತಿರುಗುವ ವಿದ್ಯುತ್ ಫ್ಯಾನಿನಲ್ಲಿ ರಿಲೇ ಅಥವಾ ಸ್ವಿಚ್ ಅಂಟಿಕೊಂಡಿರುತ್ತದೆ. ಸಿಲಿಕೋನ್ ದ್ರವದ ಕ್ಲಚ್ ಇರುವ ಫ್ಯಾನು ಬೆಳಗಿನ ಮೊದಲ ಒಂದೆರಡು ನಿಮಿಷ ಗರ್ಜಿಸಿ ಆಮೇಲೆ ಮೆತ್ತಗಾಗಬೇಕು. ಸದಾ ಗರ್ಜಿಸುತ್ತಿದ್ದರೆ ಕ್ಲಚ್ ಹಿಡಿದುಕೊಂಡಿದೆ. ರೇಡಿಯೇಟರಿನ ಮುಂದೆ ಶಟರ್ ಇರುವ ಲಾರಿಗಳಲ್ಲಿ ಅದು ಮುಚ್ಚಿಕೊಳ್ಳುತ್ತಿದೆಯೇ ಎಂದೂ ನೋಡಬೇಕು. ಫೋರ್ಡ್ ಮಾಡೆಲ್ ಟಿಯಂಥ ವಾಹನಗಳಲ್ಲಿ ಹೆಚ್ಚಿನವಕ್ಕೆ ಪಂಪೂ ಇಲ್ಲ, ಥರ್ಮೋಸ್ಟಾಟೂ ಇಲ್ಲ, ಬಿಸಿನೀರು ತಾನಾಗಿ ಮೇಲೇರಿ ತಣ್ಣೀರು ಕೆಳಗಿಳಿಯುವುದೇ ಅವುಗಳ ವ್ಯವಸ್ಥೆ. ಚಳಿಗಾಲದಲ್ಲಿ ರೇಡಿಯೇಟರನ್ನು ಭಾಗಶಃ ಮುಚ್ಚುವುದು ಅಲ್ಲಿ ಸಹಜ ಕ್ರಮ.

ಮತ್ತೆ ಜೋಡಿಸುವುದು

ಎರಡೂ ಮುಖಗಳಿಂದ ಹಳೆಯ ಗ್ಯಾಸ್ಕೆಟ್ಟನ್ನು ಕೆರೆಯುವ ಮುನ್ನ ಎಂಜಿನ್ನಿನ ಬಾಯಿಗೆ ಬಟ್ಟೆ ತುರುಕಬೇಕು. ನನ್ನ ಎಂಜಿನ್ನಿನ ಆ ಚೂರು ಒಳಗೆ ಬಿದ್ದದ್ದು ಈ ಬಟ್ಟೆ ಇಲ್ಲದ್ದರಿಂದ. ಮೇಣದ ಗುಳಿಗೆ ಎಂಜಿನ್ನಿನ ಕಡೆಗೆ ಇರಬೇಕು. ತಟ್ಟೆಯ ಸಣ್ಣ ರಂಧ್ರದಲ್ಲಿ ಅಲುಗಾಡುವ ಪುಟ್ಟ ಪಿನ್ ಇದ್ದರೆ, ಥರ್ಮೋಸ್ಟಾಟ್ ನೆಟ್ಟಗೆ ನಿಲ್ಲುವ ಹೌಸಿಂಗಿನಲ್ಲಿ ಅದು ಅತಿ ಎತ್ತರದ ಜಾಗಕ್ಕೆ ಬರಬೇಕು, ಏಕೆಂದರೆ ಗಾಳಿ ಹೊರಡುವ ದಾರಿ ಅದು. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಸರದಿಯಲ್ಲಿ ಸಮನಾಗಿ ಬಿಗಿಯಬೇಕು. ಇಲ್ಲವಾದರೆ ಅಲ್ಯೂಮಿನಿಯಂ ಹೌಸಿಂಗ್ ಬಿರುಕು ಬಿಡುತ್ತದೆ. ಹೀಟರ್ ವಾಲ್ವನ್ನು ತೆರೆದಿಟ್ಟು, ಕೂಲೆಂಟನ್ನು ನಿಧಾನವಾಗಿ ತುಂಬಿ, ಹೋಸ್‌ಗಳನ್ನು ಹಿಸುಕುತ್ತ ಗಾಳಿಗುಳ್ಳೆಗಳನ್ನು ಹೊರಡಿಸಬೇಕು.

ಮೊದಲ ಓಟದಲ್ಲಿ ಮುಳ್ಳು ಏರಿ, ಥರ್ಮೋಸ್ಟಾಟ್ ತೆರೆದಾಗ ಒಂದಿಷ್ಟು ಇಳಿದು, ಮತ್ತೆ ತನ್ನ ಜಾಗದಲ್ಲಿ ನಿಲ್ಲಬೇಕು. ಎಂಜಿನ್ ಆರಿದ ಮೇಲೆ ನೀರಿನ ಮಟ್ಟವನ್ನು ಮತ್ತೊಮ್ಮೆ ನೋಡಬೇಕು. ಹಲವು ತಿಂಗಳು ತಣ್ಣಗೆ ಓಡಿದ ಎಂಜಿನ್ನಿನ ಆಯಿಲ್ ಮತ್ತು ಫಿಲ್ಟರನ್ನು ಕಾಲಾವಧಿ ಕಾಯದೆ ಬದಲಿಸಿ, ಮುಚ್ಚಳದ ಬೆಣ್ಣೆಯನ್ನು ಒರೆಸಿ, ಬ್ರೀದರ್ ಪೈಪನ್ನೂ ಶುದ್ಧ ಮಾಡಬೇಕು. ಆ ಬೆಣ್ಣೆ ಎರಡು ವಾರದ ನಂತರ ಮತ್ತೆ ಕಾಣದಿದ್ದರೆ ಕೆಲಸ ಸರಿಯಾಗಿದೆ. ಕಾರ್ಬ್ಯುರೇಟರನ್ನು ಮಾತ್ರ ಮರೆಯಬಾರದು: ತಣ್ಣನೆಯ ಎಂಜಿನ್ ತಡವರಿಸದಿರಲೆಂದು ಹಿಂದೆ ಯಾರಾದರೂ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸಿ, ಐಡ್ಲಿಂಗ್ ಏರಿಸಿಟ್ಟಿರುತ್ತಾರೆ, ಮತ್ತು ಸರಿಯಾಗಿ ಕಾದ ಎಂಜಿನ್ನಿನಲ್ಲಿ ಅದೇ ಹೊಂದಾಣಿಕೆ ಹೊಗೆಗೂ ಮಸಿಗಟ್ಟಿದ ಸ್ಪಾರ್ಕ್ ಪ್ಲಗ್ಗಿಗೂ ಕಾರಣವಾಗುವುದರಿಂದ, ಮುಳ್ಳು ತನ್ನ ಜಾಗದಲ್ಲಿ ನಿಂತಿರುವಾಗಲೇ ಎರಡನ್ನೂ ಹೊಸದಾಗಿ ಹೊಂದಿಸಬೇಕು.